ಆಸ್ಪತ್ರೆ ಬಿಲ್ ನಮ್ಮ ಕೈ ಮೀರಿದೆ. ಸಾಲ ಮಾಡುವ ಮೊದಲು ಯಾರನ್ನು, ಏನು ಕೇಳಬೇಕು?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಅಪ್ಪನನ್ನು ಐಸಿಯುನಿಂದ ವಾರ್ಡಿಗೆ ತಂದಿದ್ದಾರೆ. ಜೀವಕ್ಕೆ ಅಪಾಯ ಇಲ್ಲ ಅಂತ ಡಾಕ್ಟರ್ ಹೇಳಿದರು. ಅಷ್ಟು ಕೇಳಿ ಸಮಾಧಾನ ಆಯಿತು. ಆದರೆ ಬಿಲ್ಲಿಂಗ್ ಕೌಂಟರ್‌ನಲ್ಲಿ ಈವರೆಗಿನ ಮೊತ್ತ ಹೇಳಿದಾಗ ಕೈಕಾಲೇ ಆಡಲಿಲ್ಲ. ನಮ್ಮ ಉಳಿತಾಯ ಅಡ್ವಾನ್ಸ್ ಕಟ್ಟುವುದರಲ್ಲೇ ಮುಗಿದಿದೆ. ಇನ್ಶೂರೆನ್ಸ್ ಕಂಪನಿ ಅರ್ಧದಷ್ಟು ಮಾತ್ರ ಒಪ್ಪಿದೆ. ಉಳಿದದ್ದು ಯಾಕಿಲ್ಲ ಅಂತ ಸರಿಯಾಗಿ ಹೇಳಿಲ್ಲ. ಇನ್ನೆರಡು ಮೂರು ದಿನದಲ್ಲಿ ಡಿಸ್ಚಾರ್ಜ್ ಅನ್ನುತ್ತಿದ್ದಾರೆ.

ಅಣ್ಣ ಮೊಬೈಲ್ ಆ್ಯಪ್‌ನಲ್ಲಿ ಸಾಲ ತೆಗೆಯೋಣ ಅಂತಾನೆ. ಚಿಕ್ಕಪ್ಪ ಮನೆ ಪತ್ರ ಅಡ ಇಡಿ ಅಂತಾರೆ. ಅಮ್ಮ ಮಾತೇ ಆಡುತ್ತಿಲ್ಲ. ಆಸ್ಪತ್ರೆಯವರ ಜೊತೆ ಮಾತಾಡಿದರೆ ಏನಾದರೂ ಪ್ರಯೋಜನ ಇದೆಯಾ? ಅಥವಾ ಅವರು ಹೇಳಿದಷ್ಟನ್ನೂ ಕಟ್ಟಲೇಬೇಕಾ? ಕೇಳೋದಕ್ಕೇ ಮುಜುಗರ ಆಗುತ್ತಿದೆ. ಇಲ್ಲಿ ಬೇರೆ ಬೇರೆ ದೇಶಗಳಲ್ಲಿ ಇರುವವರಿದ್ದೀರಿ. ಗೊತ್ತಿದ್ದವರು ದಯವಿಟ್ಟು ಹೇಳಿ.

ಲೆಕ್ಕಪತ್ರ

ಮೊದಲು ಒಂದು ವಿಷಯ. ಸಾಲದ ಆ್ಯಪ್ ಇವತ್ತು ತೆರೆಯಬೇಡಿ.

ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು ನಾನು. ಕೌಂಟರ್‌ನಲ್ಲಿ ಹೇಳಿದ ಮೊತ್ತ ಕೊನೆಯ ಮಾತಲ್ಲ. ಆ ಹೊತ್ತಿಗೆ ಕಂಪ್ಯೂಟರ್‌ಗೆ ಏರಿರುವ ಲೆಕ್ಕ ಅದು. ಅದರಲ್ಲಿ ತಪ್ಪು ಸೇರಿರಬಹುದು. ಕಳೆಯಬೇಕಾದದ್ದು ಕಳೆಯದೆ ಉಳಿದಿರಬಹುದು. ರಿಯಾಯಿತಿಗೋ ಕಂತಿಗೋ ಅವಕಾಶ ಇರಬಹುದು. ಆದರೆ ಇದನ್ನೆಲ್ಲ ತಾವಾಗಿ ಯಾರೂ ಹೇಳುವುದಿಲ್ಲ. ಕೇಳಿದವರಿಗೆ ಹೇಳುತ್ತಾರೆ.

ಇವತ್ತೇ ಹೋಗಿ ಈವರೆಗಿನ ವಿವರವಾದ ಬಿಲ್ ಕೇಳಿ. ಔಷಧಿ ಇಷ್ಟು, ಲ್ಯಾಬ್ ಇಷ್ಟು, ರೂಮ್ ಇಷ್ಟು ಅಂತ ನಾಲ್ಕು ಸಾಲಿನ ಕಾಗದ ಕೊಟ್ಟರೆ ಅದು ಸಾಲದು. ಯಾವ ದಿನ ಯಾವ ಔಷಧಿ, ಯಾವ ಪರೀಕ್ಷೆ, ಯಾವ ಡಾಕ್ಟರ್ ಬಂದದ್ದು ಎಲ್ಲವೂ ಒಂದೊಂದು ಸಾಲಾಗಿ ಇರುವ ಬಿಲ್ ಬೇಕು. ಹತ್ತಾರು ಪುಟ ಬಂದರೂ ಬರಲಿ. ಡಿಸ್ಚಾರ್ಜ್ ದಿನ ಕೇಳಿದರೆ ನಿಮಗೆ ಓದಲು ಸಮಯ ಇರುವುದಿಲ್ಲ, ಅವರಿಗೂ ತಿದ್ದಲು ಸಮಯ ಇರುವುದಿಲ್ಲ. ಆ ದಿನ ಎಲ್ಲರಿಗೂ ಮನೆಗೆ ಹೋಗುವ ಅವಸರ. ಅದಕ್ಕೇ ಈಗಲೇ ಕೇಳಿ ಅನ್ನುತ್ತಿದ್ದೇನೆ.

ಕೈಗೆ ಬಂದ ಮೇಲೆ ಒಂದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಮೊದಲು ಐಸಿಯುನಿಂದ ವಾರ್ಡಿಗೆ ಬಂದ ದಿನ ನೋಡಿ. ಆ ಒಂದೇ ದಿನಕ್ಕೆ ಎರಡೂ ಕಡೆಯ ಬಾಡಿಗೆ ಪೂರ್ತಿ ಏರಿರುವುದನ್ನು ನಾನು ಬಹಳ ನೋಡಿದ್ದೇನೆ. ದಿನದ ಲೆಕ್ಕ ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಅಂತ ಕೇಳಿ. ವೆಂಟಿಲೇಟರ್, ಮಾನಿಟರ್, ಆಕ್ಸಿಜನ್ ತೆಗೆದ ಮೇಲೂ ಅವುಗಳ ಚಾರ್ಜ್ ಓಡುತ್ತಿದೆಯಾ ನೋಡಿ.

ಆಮೇಲೆ ಔಷಧಿ. ಹಣ ಜಾಸ್ತಿ ಸೋರುವುದು ಇಲ್ಲೇ. ಐಸಿಯುಗೆ ಬೇಕಾದದ್ದನ್ನು ಫಾರ್ಮಸಿಯಿಂದ ಒಟ್ಟಿಗೆ ತರಿಸುತ್ತಾರೆ. ಮಧ್ಯದಲ್ಲಿ ಡಾಕ್ಟರ್ ಆ್ಯಂಟಿಬಯಾಟಿಕ್ ಬದಲಾಯಿಸಿದರೆ ಉಳಿದ ಬಾಟಲಿಗಳು ವಾಪಸ್ ಹೋಗಬೇಕು. ಅದರ ಹಣ ಬಿಲ್‌ನಲ್ಲಿ ಕಳೆಯಬೇಕು. ವಾಪಸ್ ಹೋದರೂ ಎಂಟ್ರಿ ಆಗದೆ ಉಳಿಯುವುದುಂಟು. ನರ್ಸ್‌ಗಳ ಹತ್ತಿರ ಔಷಧಿ ಚಾರ್ಟ್ ಇರುತ್ತದೆ, ಯಾವ ಹೊತ್ತಿಗೆ ಯಾವ ಡೋಸ್ ಕೊಟ್ಟರು ಅಂತ. ಬಿಲ್‌ನಲ್ಲಿರುವ ಸಂಖ್ಯೆಯನ್ನು ಚಾರ್ಟ್‌ನಲ್ಲಿರುವ ಸಂಖ್ಯೆಯ ಜೊತೆ ಇಟ್ಟು ನೋಡಿ. ಹಾಗೇ ಡಾಕ್ಟರ್ ಬರೆದು ಆಮೇಲೆ ಬೇಡ ಅಂದ ಸ್ಕ್ಯಾನ್ ಬಿಲ್‌ನಲ್ಲಿ ಉಳಿದಿರಬಹುದು, ಸ್ಯಾಂಪಲ್ ಹಾಳಾಗಿ ಮತ್ತೆ ಮಾಡಿದ ರಕ್ತ ಪರೀಕ್ಷೆ ಎರಡು ಸಲ ಬಿದ್ದಿರಬಹುದು. ಆಪರೇಷನ್ ಪ್ಯಾಕೇಜ್ ಅಂತ ಒಂದು ಮೊತ್ತ ಇದ್ದರೆ ಅದರ ಒಳಗೆ ಏನೇನು ಸೇರಿದೆ ಅಂತ ಬರಹದಲ್ಲಿ ಕೇಳಿ. ಪ್ಯಾಕೇಜ್ ಒಳಗಿರುವ ಗ್ಲೌಸ್, ಡ್ರೆಸ್ಸಿಂಗ್, ಥಿಯೇಟರ್ ಚಾರ್ಜ್ ಮತ್ತೆ ಹೊರಗೆ ಕಾಣಿಸಿದರೆ ಗುರುತು ಹಾಕಿಕೊಳ್ಳಿ.

ಅನುಮಾನ ಬಂದ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಬಿಲ್ಲಿಂಗ್ ಮ್ಯಾನೇಜರ್‌ಗೆ ಕೊಡಿ. ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಕೌಂಟರ್‌ನಲ್ಲಿ ಕೂತ ಹುಡುಗನ ಮೇಲೆ ರೇಗಬೇಡಿ. ಮೊತ್ತ ಬದಲಾಯಿಸುವ ಅಧಿಕಾರ ಅವನಿಗೆ ಇರುವುದಿಲ್ಲ.

ತಿಳಿನೀರು

ಆ್ಯಪ್ ಸಾಲದ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ತಿಂಗಳಿಗೆ 3% ಬಡ್ಡಿ ಅಂದರೆ ಸಣ್ಣದು ಅನ್ನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ 42% ದಾಟುತ್ತದೆ. ಆಸ್ಪತ್ರೆಗೆ ಬಾಕಿ ಇರುವ ಹಣಕ್ಕೆ ಸಾಮಾನ್ಯವಾಗಿ ಇಂಥ ಬಡ್ಡಿ ಇರುವುದಿಲ್ಲ. ಎಷ್ಟೋ ಕಡೆ ಬಡ್ಡಿಯೇ ಇಲ್ಲದೆ ಕಂತು ಕೊಡುತ್ತಾರೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕ್ರೆಡಿಟ್ ಕಾರ್ಡ್ ಉಜ್ಜಿದ ಕೂಡಲೇ ಆಸ್ಪತ್ರೆಯ ಲೆಕ್ಕ ಮುಗಿಯಿತು. ಆಮೇಲೆ ಬಿಲ್‌ನಲ್ಲಿ ತಪ್ಪಿತ್ತು ಅಂದರೆ ಅವರಿಗೆ ತಿದ್ದುವ ಆತುರ ಇಲ್ಲ. ನೆರವು ಬೇಕು ಅಂದರೆ, ಕಟ್ಟಿದ್ದೀರಲ್ಲ ಅಂತಾರೆ. ನಿಮ್ಮ ಸಾಲ ಈಗ ಬ್ಯಾಂಕಿನದು, ಬ್ಯಾಂಕಿಗೆ ನಿಮ್ಮ ಅಪ್ಪನ ಕಾಯಿಲೆ ಗೊತ್ತಿಲ್ಲ. ಆಸ್ಪತ್ರೆಯ ಜೊತೆ ಮಾತು ಮುಗಿಯುವವರೆಗೆ ಆ ಬಾಕಿ ಆಸ್ಪತ್ರೆಯ ಬಾಕಿಯಾಗಿಯೇ ಇರಲಿ.

ಮನೆ ಪತ್ರ ಅಡ ಇಡುವುದಂತೂ ಕೊನೆಯ ದಾರಿಯಾಗಿಯೂ ಬೇಡ. ಅಪ್ಪ ಗುಣವಾಗಿ ಬಂದು ಇರಬೇಕಾದ್ದು ಆ ಮನೆಯಲ್ಲಿ ಅಲ್ವಾ?

ನೆರಳು

ಮಳೆಬಿಲ್ಲು ಅವರೇ, ಮುಜುಗರ ಅಂದಿರಿ. ಅದನ್ನೇ ಹಿಡಿದು ಮಾತಾಡುತ್ತೇನೆ. ನಾನು ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್.

ನಮ್ಮಂಥವರ ಹುದ್ದೆ ಹುಟ್ಟಿದ್ದೇ ಹಣದ ಪ್ರಶ್ನೆಯಿಂದ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೀವರ್ಟ್ ಎನ್ನುವವರನ್ನು ನೇಮಿಸಿಕೊಂಡಿತು. ಯಾರಿಗೆ ಕಟ್ಟಲು ಆಗುತ್ತದೆ, ಯಾರಿಗೆ ಆಗುವುದಿಲ್ಲ, ಆಗದವರಿಗೆ ಎಲ್ಲಿಂದ ನೆರವು ಸಿಗುತ್ತದೆ ಅಂತ ನೋಡುವುದು ಅವರ ಕೆಲಸ. ಹತ್ತು ವರ್ಷದ ನಂತರ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯೂ ಇಂಥ ಕೆಲಸ ಶುರು ಮಾಡಿತು. ಅಂದರೆ ನೀವು ಕೇಳಲು ಹಿಂಜರಿಯುತ್ತಿರುವ ಪ್ರಶ್ನೆಗೆ ಉತ್ತರ ಕೊಡಲೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟಿದ್ದಾರೆ. ನಿಮ್ಮ ಆಸ್ಪತ್ರೆಯಲ್ಲಿ ಆ ಹುದ್ದೆಗೆ ಬೇರೆ ಹೆಸರು ಇರಬಹುದು. ರೋಗಿಗಳ ಸಹಾಯ ಕೇಂದ್ರ, ಪೇಷಂಟ್ ರಿಲೇಷನ್ಸ್, ಆರ್ಥಿಕ ಸಲಹೆಗಾರರು, ಹೀಗೆ. ವಾರ್ಡಿನ ಹಿರಿಯ ನರ್ಸ್‌ಗೆ ಗೊತ್ತಿರುತ್ತದೆ.

ಹೋಗಿ ಹೀಗೆ ಹೇಳಿ: "ನಮಗೆ ಈ ಬಿಲ್ ಕಟ್ಟಲು ಆಗುವುದಿಲ್ಲ. ತಿಂಗಳಿಗೆ ಇಷ್ಟು ಮಾತ್ರ ಆಗುತ್ತದೆ. ನೆರವಿನ ಅರ್ಜಿ ಇದ್ದರೆ ಕೊಡಿ." ಅಷ್ಟು ಸಾಕು. ಕಥೆ ಹೇಳಬೇಕಿಲ್ಲ, ಅಳಬೇಕಿಲ್ಲ. ಆದಾಯದ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಬಾಡಿಗೆ ಅಥವಾ ಹಳೆ ಸಾಲದ ಕಾಗದ, ಮನೆಯಲ್ಲಿ ನಿಮ್ಮ ದುಡಿಮೆ ನಂಬಿಕೊಂಡವರು ಎಷ್ಟು ಜನ ಅನ್ನುವುದು, ಇವು ಜೊತೆಗಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕಾಯಿಲೆಯಿಂದಾಗಿ ದುಡಿಮೆ ನಿಂತಿದ್ದರೆ ಅದನ್ನೂ ಬರೆಯಿರಿ. ಹೋದ ವರ್ಷದ ಆದಾಯ ನೋಡಿ "ನಿಮಗೆ ಅರ್ಹತೆ ಇಲ್ಲ" ಅನ್ನುವುದುಂಟು. ಈಗಿನ ಪರಿಸ್ಥಿತಿ ಬೇರೆ ಅಂತ ಕಾಗದದಲ್ಲಿ ಕಾಣಬೇಕು.

ನೆರವಿನ ಮೂಲ ದೇಶಕ್ಕೊಂದು ಥರ. ಸರ್ಕಾರದ ಯೋಜನೆ, ಆಸ್ಪತ್ರೆಯದೇ ದತ್ತಿ ನಿಧಿ, ಒಂದೊಂದು ಕಾಯಿಲೆಗೇ ಮೀಸಲಾದ ಸಂಸ್ಥೆಗಳು, ಔಷಧಿ ಕಂಪನಿಗಳ ರೋಗಿ ನೆರವು. ಅಮೆರಿಕದಲ್ಲಿ ಇರುವವರಿಗೆ: 2010ರ ಆರೋಗ್ಯ ಕಾನೂನಿನ ಪ್ರಕಾರ ತೆರಿಗೆ ವಿನಾಯಿತಿ ಪಡೆಯುವ ಲಾಭರಹಿತ ಆಸ್ಪತ್ರೆಗಳು ಲಿಖಿತ ನೆರವಿನ ನೀತಿ ಇಟ್ಟಿರಲೇಬೇಕು. ಡಿಸ್ಚಾರ್ಜ್ ನಂತರದ ಮೊದಲ ಬಿಲ್‌ನಿಂದ 240 ದಿನದವರೆಗೆ ಅರ್ಜಿ ತೆಗೆದುಕೊಳ್ಳಬೇಕು. ಬೇರೆ ಕೆಲವು ದೇಶಗಳಲ್ಲಿ ಡಿಸ್ಚಾರ್ಜ್‌ಗೆ ಮುಂಚೆಯೇ ಅನುಮತಿ ಪಡೆಯಬೇಕಾದ ಯೋಜನೆಗಳೂ ಇವೆ. ಹಾಗಾಗಿ ಯಾವ ದೇಶವಾದರೂ ಸರಿ, ರೋಗಿ ಹಾಸಿಗೆಯಲ್ಲಿ ಇರುವಾಗಲೇ ಕೇಳುವುದು ಒಳ್ಳೆಯದು.

ಹಳೆ ಸೇತುವೆ

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದು ಪೂರ್ತಿ ಒಪ್ಪಿಗೆ ಆಗುತ್ತಿಲ್ಲ. ಡಾಕ್ಟರ್, ನರ್ಸ್ ಎಲ್ಲರೂ ರಾತ್ರಿ ಹಗಲು ನಿಂತು ಜೀವ ಉಳಿಸಿದ್ದಾರೆ. ಅವರಿಗೂ ಸಂಬಳ ಬೇಕು. ಯಂತ್ರಕ್ಕೆ ದುಡ್ಡು ಬೇಕು. ಜೀವ ಉಳಿದ ಮೇಲೆ ಚೌಕಾಸಿ ಮಾಡುವುದು ಸರಿನಾ? ಎಲ್ಲರೂ ಹೀಗೆ ಮಾಡಿದರೆ ಆಸ್ಪತ್ರೆ ನಡೆಯುವುದು ಹೇಗೆ?

ಲೆಕ್ಕಪತ್ರ

ಹಳೆ ಸೇತುವೆ ಅವರೇ, ನಿಮ್ಮ ಮಾತಿನಲ್ಲಿ ಗೌರವ ಇದೆ. ಆದರೆ ದರ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಆಸ್ಪತ್ರೆಗಳಲ್ಲಿ ಒಂದೇ ಚಿಕಿತ್ಸೆಗೆ ಒಂದೇ ದರ ಇರುವುದು ಅಪರೂಪ. ದೊಡ್ಡ ಇನ್ಶೂರೆನ್ಸ್ ಕಂಪನಿಗೆ ಒಂದು ದರ, ಸರ್ಕಾರಿ ಯೋಜನೆಗೆ ಒಂದು ದರ, ಕೈಯಿಂದ ಕಟ್ಟುವವರಿಗೆ ಇನ್ನೊಂದು. ಮೊದಲಿನ ಇಬ್ಬರು ಕೂತು ಮಾತಾಡಿ ಇಳಿಸಿಕೊಂಡಿರುತ್ತಾರೆ. ಮೂರನೆಯವರಿಗೆ ಮಾತಾಡಲು ಯಾರೂ ಇಲ್ಲ, ಹಾಗಾಗಿ ಎಷ್ಟೋ ಕಡೆ ಅತಿ ಹೆಚ್ಚು ದರ ಅವರಿಗೇ ಬೀಳುತ್ತದೆ. "ವಿಮೆ ಕಂಪನಿಗೆ ಹಾಕುವ ದರವನ್ನೇ ನಮಗೂ ಹಾಕಿ" ಅನ್ನುವುದು ನ್ಯಾಯವಾದ ಕೋರಿಕೆ. ನರ್ಸ್ ಸಂಬಳ ಕಿತ್ತುಕೊಂಡ ಹಾಗಲ್ಲ.

ಇನ್ನೊಂದು. ಕಟ್ಟಲು ಆಗದ ಮೊತ್ತ ಕೇಳಿ ಏನೂ ಬರದೆ ಹೋಗುವುದಕ್ಕಿಂತ, ಆಗುವಷ್ಟು ತಿಂಗಳು ತಿಂಗಳು ಬರುವುದು ಆಸ್ಪತ್ರೆಗೂ ಮೇಲು. ಆ ಕುರ್ಚಿಯಲ್ಲಿ ಕೂತಾಗ ನಾನು ಬಯಸಿದ್ದೂ ಅದನ್ನೇ. ಮುಂಚೆಯೇ ಬಂದು ಮಾತಾಡಿದ ಮನೆಯವರ ಜೊತೆ ಕೆಲಸ ಸುಲಭ ಆಗುತ್ತಿತ್ತು. ಫೋನ್ ಎತ್ತದೆ ಇರುವವರ ಫೈಲ್ ಮಾತ್ರ ವಸೂಲಿ ಏಜೆನ್ಸಿಗೆ ಹೋಗುತ್ತಿತ್ತು.

ಹಳೆ ಸೇತುವೆ

ದರದ ವಿಷಯ ನನಗೆ ಗೊತ್ತಿರಲಿಲ್ಲ. ಹಾಗಿದ್ದರೆ ಕೇಳುವುದು ಸರಿಯೇ. ಮಳೆಬಿಲ್ಲು, ನಿಮ್ಮ ಅಪ್ಪ ಬೇಗ ಗುಣವಾಗಲಿ.

ಗುಬ್ಬಿಗೂಡು

ಇನ್ಶೂರೆನ್ಸ್ ವಿಷಯ ಯಾರೂ ಹೇಳಲಿಲ್ಲ. ಅರ್ಧ ಒಪ್ಪಿದೆ ಅಂದರೆ ಉಳಿದ ಅರ್ಧದ ಬಾಗಿಲು ಇನ್ನೂ ಮುಚ್ಚಿಲ್ಲ. ನನ್ನ ಕೆಲಸ ಕ್ಲೇಮ್ ಪರಿಶೀಲನೆ.

ಯಾವ ಸಾಲಿಗೆ, ಪಾಲಿಸಿಯ ಯಾವ ನಿಯಮದ ಪ್ರಕಾರ ಇಲ್ಲ ಅಂದರು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕಾರಣಗಳು ಸಾಮಾನ್ಯವಾಗಿ ಇಷ್ಟರೊಳಗೇ ಇರುತ್ತವೆ: ಯಾವುದೋ ವರದಿ ಸೇರಿಸಿಲ್ಲ, ಕಾಯಿಲೆ ಮುಂಚಿನಿಂದಲೇ ಇತ್ತು, ಈ ಚಿಕಿತ್ಸೆ ಅಗತ್ಯ ಇರಲಿಲ್ಲ, ಕಾಯಿಲೆಗೋ ಚಿಕಿತ್ಸೆಗೋ ಕ್ಲೇಮ್‌ನಲ್ಲಿ ಹಾಕುವ ಕೋಡ್ ತಪ್ಪಾಗಿದೆ. ಮೊದಲನೆಯದು ಮತ್ತು ಕೊನೆಯದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಿಂದಲೇ ಸರಿಹೋಗುತ್ತವೆ. "ಅಗತ್ಯ ಇರಲಿಲ್ಲ" ಅಂದಿದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹತ್ತಿರ ಪತ್ರ ಕೇಳಿ. ಅಪ್ಪ ಬಂದಾಗ ಸ್ಥಿತಿ ಹೇಗಿತ್ತು, ಯಾಕೆ ಐಸಿಯು ಬೇಕಾಯಿತು, ಬೇರೆ ದಾರಿ ಯಾಕೆ ಇರಲಿಲ್ಲ. ಒಂದು ಪುಟ ಸಾಕು. ಡಾಕ್ಟರುಗಳು ಬರೆದು ಕೊಡುತ್ತಾರೆ.

ಕೆಲವು ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ಮಿತಿ ಇರುತ್ತದೆ. ಮಿತಿಗಿಂತ ದೊಡ್ಡ ರೂಮ್ ತೆಗೆದುಕೊಂಡರೆ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಖರ್ಚು ಕೂಡ ಅದೇ ಪ್ರಮಾಣದಲ್ಲಿ ಕಡಿತ ಆಗುತ್ತದೆ. ರೂಮ್ ಬಾಡಿಗೆ ಮಿತಿಯ ಎರಡು ಪಟ್ಟು ಇದ್ದರೆ ಈ ಖರ್ಚುಗಳಲ್ಲಿ ಅರ್ಧ ಹೋಯಿತು. ನಿಮ್ಮದು "ಅರ್ಧ" ಅಂದಿದ್ದಕ್ಕೆ ಇದು ತಲೆಗೆ ಬಂತು, ಒಮ್ಮೆ ನೋಡಿ. ಐಸಿಯುಗೆ, ಔಷಧಿಗೆ ಈ ಕಡಿತ ಹಾಕಬಹುದಾ ಅನ್ನುವುದನ್ನು ಪಾಲಿಸಿಯ ನಿಯಮ ಓದಿ ಪ್ರಶ್ನಿಸಿ. ವಾರ್ಡಿನಲ್ಲಿ ಅಪ್ಪ ಈಗ ಯಾವ ದರ್ಜೆಯ ರೂಮಿನಲ್ಲಿದ್ದಾರೆ? ಚಿಕ್ಕ ರೂಮ್ ಖಾಲಿ ಇದ್ದರೆ ಇವತ್ತೇ ಬದಲಾಯಿಸಿ.

ಆಮೇಲೆ ಮೇಲ್ಮನವಿ. ಮೊದಲು ಕಂಪನಿಯ ಒಳಗೆ, ಅಲ್ಲಿ ಆಗದಿದ್ದರೆ ಹೊರಗಿನ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಅಥವಾ ನಿಯಂತ್ರಣ ಸಂಸ್ಥೆಗೆ. ಎರಡಕ್ಕೂ ಕೊನೆಯ ದಿನಾಂಕ ಇರುತ್ತದೆ, ಅದನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಅಮೆರಿಕದಲ್ಲಿ ಜನ ವಿಮೆ ಕೊಳ್ಳುವ ಸರ್ಕಾರಿ ಮಾರುಕಟ್ಟೆಯ 2023ರ ಲೆಕ್ಕ ನೋಡಿದರೆ, ತಿರಸ್ಕಾರವಾದ 100 ಕ್ಲೇಮ್‌ಗಳಲ್ಲಿ ಒಂದಕ್ಕಿಂತ ಕಡಿಮೆಗೆ ಮಾತ್ರ ಮೇಲ್ಮನವಿ ಬಂದಿದೆ. ಉಳಿದವರು ಅಲ್ಲಿಗೇ ಬಿಟ್ಟಿದ್ದಾರೆ. ಹೋದವರಲ್ಲಿ ಗೆದ್ದವರು ಕಡಿಮೆ ಏನಿಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಬರಬೇಕಾದ ಹಣವನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಸೋತಿರುತ್ತಾರೆ.

ಮಳೆಬಿಲ್ಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿವರವಾದ ಬಿಲ್ ತೆಗೆದುಕೊಂಡೆ. ಲೆಕ್ಕಪತ್ರ ಸರ್ ಹೇಳಿದ ಹಾಗೆ ಐಸಿಯುನಿಂದ ಬಂದ ದಿನ ಎರಡು ಬಾಡಿಗೆ ಇತ್ತು. ಒಂದು ಆ್ಯಂಟಿಬಯಾಟಿಕ್‌ನ ಉಳಿದ ಬಾಟಲಿಗಳು ವಾಪಸ್ ಎಂಟ್ರಿ ಆಗಿಲ್ಲ ಅಂತ ವಾರ್ಡಿನ ಸಿಸ್ಟರ್ ತಾವೇ ಚಾರ್ಟ್ ತೋರಿಸಿ ಹೇಳಿದರು. ಪಟ್ಟಿ ಮಾಡಿ ಕೊಟ್ಟಿದ್ದೇನೆ, ನೋಡುತ್ತೇವೆ ಅಂದಿದ್ದಾರೆ. ಇವೆರಡೂ ಕಳೆದರೂ ಬಾಕಿ ದೊಡ್ಡದೇ ಉಳಿಯುತ್ತದೆ. ನೆರವಿನ ಅರ್ಜಿ ಇದೆ, ಅಣ್ಣ ದಾಖಲೆ ಹೊಂದಿಸುತ್ತಿದ್ದಾನೆ. ರೂಮ್ ಮಿತಿಯ ವಿಷಯವೂ ನಿಜ ಗುಬ್ಬಿಗೂಡು ಅವರೇ, ಅಪ್ಪನನ್ನು ಜನರಲ್ ವಾರ್ಡಿಗೆ ಬದಲಾಯಿಸಿದೆವು.

ಈಗ ಎರಡು ಭಯ. ಒಂದು, ಪೂರ್ತಿ ಕಟ್ಟದೆ ಡಿಸ್ಚಾರ್ಜ್ ಮಾಡುವುದಿಲ್ಲ ಅಂತ ಕೌಂಟರ್‌ನಲ್ಲಿ ಒಬ್ಬರು ಅಂದರು. ಎರಡು, ಒಂದು ಫಾರಂ ಕೊಟ್ಟು ನನ್ನ ಸಹಿ ಕೇಳುತ್ತಿದ್ದಾರೆ. ಬಾಕಿಗೆ ನಾನೇ ವೈಯಕ್ತಿಕವಾಗಿ ಹೊಣೆ ಅಂತ ಅದರಲ್ಲಿದೆ.

ಕಾನೂನು ಕಿಟಕಿ

ಫಾರಂಗೆ ಈಗ ಸಹಿ ಹಾಕಬೇಡಿ. ಚಿಕಿತ್ಸೆ ಪಡೆದವರು ಅಪ್ಪ. ಅವರ ಬಾಕಿಗೆ ವಯಸ್ಸಿಗೆ ಬಂದ ಮಕ್ಕಳು ತಾವಾಗಿಯೇ ಹೊಣೆ ಆಗುತ್ತಾರಾ ಅನ್ನುವುದು ದೇಶದ ಕಾನೂನಿನ ಮೇಲಿದೆ. ಬಹಳ ಕಡೆ ಆಗುವುದಿಲ್ಲ. ಆದರೆ ಜಾಮೀನು ಅಂತ ಸಹಿ ಹಾಕಿದರೆ ಬಹುತೇಕ ಎಲ್ಲ ಕಡೆಯೂ ಆಗುತ್ತೀರಿ. "ಮನೆಗೆ ಒಯ್ದು ಓದಿ, ಕೇಳಿ ತಿಳಿದು ತರುತ್ತೇನೆ" ಅನ್ನಿ. ಸಹಿ ಹಾಕಲೇಬೇಕಾಗಿ ಬಂದರೆ ರೋಗಿಯ ಪರವಾಗಿ ಅಂತ ಸ್ಪಷ್ಟವಾಗಿ ಬರೆದು ಹಾಕಿ. ಬಿಲ್‌ನ ಬಗ್ಗೆ ತಕರಾರು ಬಾಕಿ ಇದೆ ಅಂತಲೂ ಒಂದು ಸಾಲು ಸೇರಿಸಿ.

ಇನ್ನು ಹಿಡಿದಿಟ್ಟುಕೊಳ್ಳುವ ಮಾತು. ಬಿಲ್ ಬಾಕಿ ಅನ್ನುವುದು ಒಂದು ಸಾಲ. ಸಾಲಕ್ಕಾಗಿ ಮನುಷ್ಯನನ್ನು ಕೂಡಿಹಾಕುವಂತಿಲ್ಲ. 1966ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 11ನೇ ವಿಧಿ ಹೇಳುವುದು ಅದನ್ನೇ. ಕರಾರಿನ ಪ್ರಕಾರ ಕೊಡಬೇಕಾದ ಹಣ ಕೊಡಲು ಆಗಲಿಲ್ಲ ಎನ್ನುವ ಒಂದೇ ಕಾರಣಕ್ಕೆ ಯಾರನ್ನೂ ಸೆರೆಯಲ್ಲಿ ಇಡಬಾರದು. ಕೀನ್ಯಾದಲ್ಲಿ ಹೆರಿಗೆ ಬಿಲ್ ಕಟ್ಟಲಾಗದ ತಾಯಂದಿರನ್ನು ಆಸ್ಪತ್ರೆ ಬಿಡದೆ ಇಟ್ಟುಕೊಂಡ ಪ್ರಕರಣ ಹೈಕೋರ್ಟಿಗೆ ಹೋಯಿತು. 2015ರಲ್ಲಿ ಅದು ಹಕ್ಕುಗಳ ಉಲ್ಲಂಘನೆ ಅಂತ ಕೋರ್ಟ್ ಹೇಳಿತು. ಆದರೂ ಈ ಪದ್ಧತಿ ಹಲವು ದೇಶಗಳಲ್ಲಿ ನಿಂತಿಲ್ಲ. ಬಡವರ ಮೇಲೆ, ಹೆಣ್ಣುಮಕ್ಕಳ ಮೇಲೆ ಜಾಸ್ತಿ ನಡೆಯುತ್ತದೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಚಿಕಿತ್ಸೆ ಮುಗಿದಿದೆ, ಮನೆಗೆ ಹೋಗಬಹುದು ಅಂತ ಡಾಕ್ಟರ್ ಫೈಲ್‌ನಲ್ಲಿ ಬರೆದಿದ್ದಾರಾ ನೋಡಿ. ಆಮೇಲೆ ಆಡಳಿತದವರಿಗೆ ಒಂದು ಪತ್ರ ಕೊಡಿ: ನೆರವಿನ ಅರ್ಜಿ ಹಾಕಿದ್ದೇವೆ, ತಕರಾರು ಕೊಟ್ಟಿದ್ದೇವೆ, ತಿಂಗಳಿಗೆ ಇಷ್ಟು ಕಟ್ಟುತ್ತೇವೆ, ರೋಗಿಯನ್ನು ಕಳಿಸಿಕೊಡಿ. ಅದಕ್ಕೂ ಒಪ್ಪದಿದ್ದರೆ ಯಾವ ಕಾನೂನಿನ ಪ್ರಕಾರ ಬಿಡುವುದಿಲ್ಲ ಅಂತ ಬರೆದುಕೊಡಲು ಕೇಳಿ. ಬಾಯಲ್ಲಿ ಹೇಳುವುದನ್ನು ಕಾಗದದಲ್ಲಿ ಹೇಳಲು ಯಾರೂ ಮುಂದೆ ಬರುವುದಿಲ್ಲ. ಉಚಿತ ಕಾನೂನು ನೆರವು ಕೇಂದ್ರದ ಫೋನ್ ನಂಬರ್ ಹತ್ತಿರ ಇಟ್ಟುಕೊಂಡಿರಿ.

ಸಂಜೆ ಮಲ್ಲಿಗೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ತಮ್ಮನಿಗೆ ಅಪಘಾತ ಆದಾಗ ಅಡ್ವಾನ್ಸ್ ಕಟ್ಟದೆ ಮುಟ್ಟುವುದಿಲ್ಲ ಅಂದಿದ್ದರು ಒಂದು ಕಡೆ. ಅದು ಸರಿನಾ?

ಕಾನೂನು ಕಿಟಕಿ

ಸರಿಯಲ್ಲ. ಅಮೆರಿಕದಲ್ಲಿ 1986ರ ಕಾನೂನಿದೆ. ತುರ್ತು ವಿಭಾಗಕ್ಕೆ ಬಂದವರನ್ನು ಹಣದ ಪ್ರಶ್ನೆ ಬದಿಗಿಟ್ಟು ಪರೀಕ್ಷಿಸಬೇಕು, ಸ್ಥಿತಿ ಸ್ಥಿರ ಮಾಡಬೇಕು. ಭಾರತದಲ್ಲಿ ಗಾಯಗೊಂಡವರ ಜೀವ ಉಳಿಸುವುದು ಪ್ರತಿ ಡಾಕ್ಟರ್‌ನ ಮೊದಲ ಹೊಣೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನಿಮ್ಮ ಹತ್ತಿರ ಆ ದಿನದ ಚೀಟಿ, ಸಮಯ ಏನಾದರೂ ಇದ್ದರೆ ದೂರು ಕೊಡಬಹುದು. ತಮ್ಮ ಈಗ ಹೇಗಿದ್ದಾರೆ?

ಸಂಜೆ ಮಲ್ಲಿಗೆ

ಈಗ ಓಡಾಡುತ್ತಾನೆ. ಬೇರೆ ಆಸ್ಪತ್ರೆಯವರು ತಕ್ಷಣ ಸೇರಿಸಿಕೊಂಡರು.

ಬೆಳಗಿನ ಪಾಳಿ

ನಾನು ನರ್ಸ್. ಹಣದ ಮಾತು ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಮನೆಗೆ ಹೋದ ಮೇಲಿನ ವಿಷಯ ಹೇಳಬೇಕು ಅನ್ನಿಸಿತು.

ಬಾಕಿ ಇದೆ ಅನ್ನುವ ಕಾರಣಕ್ಕೆ ಜನ ಫಾಲೋಅಪ್‌ಗೆ ಬರುವುದಿಲ್ಲ. ಕೌಂಟರ್ ಮುಂದೆ ಹಾದು ಹೋಗಲು ಹೆದರಿಕೆ. ಮಾತ್ರೆ ಅರ್ಧ ಮಾಡಿ ನುಂಗುತ್ತಾರೆ, ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುತ್ತಾರೆ. ಆಮೇಲೆ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಮತ್ತೆ ಐಸಿಯುಗೆ ಬರುತ್ತಾರೆ. ಇದನ್ನು ನೋಡಿ ನೋಡಿ ಹೇಳುತ್ತಿದ್ದೇನೆ. ದಯವಿಟ್ಟು ಹೀಗೆ ಮಾಡಬೇಡಿ.

ಡಿಸ್ಚಾರ್ಜ್ ಚೀಟಿ ಬರೆಯುವಾಗಲೇ ಡಾಕ್ಟರ್‌ಗೆ ಹೇಳಿ: "ನಮಗೆ ಖರ್ಚು ಕಷ್ಟ. ಇದರಲ್ಲಿ ಬಿಡಲೇಬಾರದ ಮಾತ್ರೆ ಯಾವುದು? ಕಡಿಮೆ ಬೆಲೆಯ ಜೆನೆರಿಕ್ ಇದೆಯಾ?" ವಿಟಮಿನ್, ಟಾನಿಕ್ ಎಷ್ಟೋ ಸಲ ಅಲ್ಲೇ ಚೀಟಿಯಿಂದ ಹೊರಗೆ ಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 1977ರಿಂದ ಅಗತ್ಯ ಔಷಧಿಗಳ ಪಟ್ಟಿ ಇಟ್ಟುಕೊಂಡು ಬಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಮುಖ್ಯ ಮಾತ್ರೆಗಳು ಬಹುಪಾಲು ಅದರಲ್ಲಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಜೆನೆರಿಕ್, ಅಂದರೆ ಮೂಲ ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧಿ, ಸಿಗುತ್ತದೆ. ಮತ್ತೆ ಮಾಡಿಸಬೇಕಾದ ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿ ವರದಿ ತರಬಹುದಾ ಅಂತಲೂ ಕೇಳಿ. ಡಿಸ್ಚಾರ್ಜ್ ಸಾರಾಂಶ ಮತ್ತು ಎಲ್ಲ ವರದಿಗಳ ಪ್ರತಿ ಕೈಯಲ್ಲಿದ್ದರೆ ಬೇರೆ ಡಾಕ್ಟರ್ ಹತ್ತಿರ ಹೋದಾಗ ಎಲ್ಲವನ್ನೂ ಮೊದಲಿನಿಂದ ಮಾಡಿಸಬೇಕಾಗುವುದಿಲ್ಲ.

ದಡದ ಮರ

ಆನ್‌ಲೈನ್‌ನಲ್ಲಿ ಜನರಿಂದ ಹಣ ಕೇಳುವ ದಾರಿ ಯಾರೂ ಹೇಳಲಿಲ್ಲವಲ್ಲ? ನಮ್ಮ ಪರಿಚಯದವರು ಒಂದಷ್ಟು ಸೇರಿಸಿದರು.

ನೆರಳು

ಅದೂ ಒಂದು ದಾರಿ, ಬೇಡ ಅನ್ನುವುದಿಲ್ಲ. ಆದರೆ ಮೊದಲಿಗೇ ಅಲ್ಲ. ಬಿಲ್ ತಿದ್ದಿಸಿ, ನೆರವು ಕೇಳಿ, ಉಳಿದ ಮೊತ್ತ ಎಷ್ಟು ಅಂತ ಗೊತ್ತಾದ ಮೇಲೆ ಕೇಳಿದರೆ ಕೊಡುವವರ ಹಣ ಸರಿಯಾದ ಕಡೆ ಹೋಗುತ್ತದೆ. ವೇದಿಕೆಯವರು ಶುಲ್ಕ ಎಷ್ಟು ಕಳೆಯುತ್ತಾರೆ ನೋಡಿ. ಸಾಧ್ಯವಾದರೆ ಹಣ ನೇರ ಆಸ್ಪತ್ರೆಯ ಖಾತೆಗೆ ಹೋಗಲಿ. ಕೆಲವು ಕಡೆ ಬಂದ ಹಣವನ್ನು ಆದಾಯ ಅಂತ ಎಣಿಸಿ ಸರ್ಕಾರದ ನೆರವು ನಿಲ್ಲಿಸುತ್ತಾರೆ, ಅದನ್ನೂ ಕೇಳಿಕೊಳ್ಳಿ.

ಮತ್ತೆ ಫೋಟೋ. ಟ್ಯೂಬ್ ಹಾಕಿ ಮಲಗಿರುವ ಚಿತ್ರವನ್ನು ಅವರನ್ನು ಕೇಳದೆ ಹಾಕಬೇಡಿ. ಅಪ್ಪ ಎದ್ದು ಕೂರುವ ಹೊತ್ತಿಗೆ ಅದನ್ನು ಅವರ ಹಳೆಯ ಸಹೋದ್ಯೋಗಿಗಳು ನೋಡಿರುತ್ತಾರೆ.

ನದಿಯಾಚೆ

ನಾನು ರೋಗಿಯ ಕಡೆಯಿಂದ ಬರೆಯುತ್ತೇನೆ. ಮನೆಯವರು ನನಗೆ ಬಿಲ್ ವಿಷಯ ಮುಚ್ಚಿಟ್ಟಿದ್ದರು, ಒಳ್ಳೆಯದಕ್ಕೇ. ಆದರೆ ಮಲಗಿದವರಿಗೆ ಎಲ್ಲ ಗೊತ್ತಾಗುತ್ತದೆ. ಬಾಗಿಲ ಹೊರಗಿನ ಪಿಸುಮಾತು, ಬದಲಾದ ಮುಖಗಳು. ನನ್ನಿಂದ ಇವರು ಹಾಳಾದರು ಅನ್ನುವ ಯೋಚನೆ ಕಾಯಿಲೆಗಿಂತ ಭಾರವಾಗಿತ್ತು. ಮಗ ಒಂದು ದಿನ ಪಕ್ಕದಲ್ಲಿ ಕೂತು, ಇಷ್ಟು ಬಾಕಿ ಇದೆ, ಹೀಗೆ ಕಂತು ಮಾಡಿದ್ದೇವೆ ಅಂತ ಹೇಳಿದ ಮೇಲೆ ನನಗೆ ನಿದ್ದೆ ಬಂತು. ಅಪ್ಪನಿಗೆ ಸ್ವಲ್ಪ ಚೇತರಿಕೆ ಬಂದ ಮೇಲೆ ಹೇಳಿಬಿಡಿ. ಮೊತ್ತದ ಜೊತೆಗೆ ನೀವು ಏನು ಮಾಡುತ್ತಿದ್ದೀರಿ ಅನ್ನುವುದನ್ನೂ ಹೇಳಿ. ಅಮ್ಮನ ಜೊತೆಯೂ ಕೂತು ಮಾತಾಡಿ. ಮಾತಾಡದೆ ಇರುವವರ ಒಳಗೆ ತುಂಬಾ ಇರುತ್ತದೆ.

ಗುಬ್ಬಿಗೂಡು

ನದಿಯಾಚೆ ಅವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ, ತಪ್ಪು ತಮ್ಮದೇ ಅಂದುಕೊಂಡು ಕೊರಗುವವರಿಗಾಗಿ. ಮನೆಯ ಒಟ್ಟು ಖರ್ಚು ಅಥವಾ ಆದಾಯದಲ್ಲಿ 10%ಗಿಂತ ಜಾಸ್ತಿ ಆರೋಗ್ಯಕ್ಕೇ ಕೈಯಿಂದ ಹೋದರೆ ಅದನ್ನು ಮನೆ ಮುಳುಗಿಸುವ ಖರ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಬ್ಯಾಂಕ್ ಎಣಿಸುತ್ತಿದ್ದವು. 2019ರಲ್ಲಿ ಹೀಗೆ ಆದವರು ಸುಮಾರು 100 ಕೋಟಿ ಜನ. ಬಡತನಕ್ಕೆ ಬಿದ್ದವರನ್ನೂ ಸೇರಿಸಿದರೆ ಆರೋಗ್ಯ ಖರ್ಚಿನಿಂದ ಕಷ್ಟಕ್ಕೆ ಸಿಕ್ಕವರು ಸುಮಾರು 200 ಕೋಟಿ. ಇಷ್ಟು ಜನ ಉಳಿತಾಯ ಮಾಡಲು ಬರದವರಲ್ಲ.

ಸಂಜೆ ಮಲ್ಲಿಗೆ

ಇನ್ನೊಂದು ಪ್ರಶ್ನೆ. ನಮ್ಮ ಬಾಕಿಗೆ ಈಗ ವಸೂಲಿಯವರು ಫೋನ್ ಮಾಡುತ್ತಿದ್ದಾರೆ. ಒಟ್ಟಿಗೆ ಕಟ್ಟಿದರೆ ಕಡಿಮೆ ಮಾಡುತ್ತೇವೆ, ಇವತ್ತು ಸಂಜೆಯೇ ಕೊನೆ ಅಂತಾರೆ. ಕಟ್ಟಿಬಿಡಲಾ?

ಲೆಕ್ಕಪತ್ರ

ಇವತ್ತು ಸಂಜೆ ಕಟ್ಟಬೇಡಿ ಅಕ್ಕ. ಒಟ್ಟಿಗೆ ಕಟ್ಟಿದರೆ ಕಡಿಮೆ ಮಾಡುವುದು ನಿಜವಾಗಿ ಇರುವ ಪದ್ಧತಿ. ಆದರೆ "ಇವತ್ತೇ ಕೊನೆ" ಅನ್ನುವುದು ಹೆದರಿಸುವ ಮಾತು. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಈ ಬಾಕಿ ಈಗ ಯಾರ ಕೈಯಲ್ಲಿದೆ ಅಂತ ಕೇಳಿ. ಸುಳ್ಳು ಹೇಳಿ ವಸೂಲಿ ಮಾಡುವವರೂ ಇದ್ದಾರೆ. ನಿಜವೇ ಆಗಿದ್ದರೆ ಏಜೆನ್ಸಿಯಿಂದ ಬರಹ ತರಿಸಿಕೊಳ್ಳಿ: ಯಾವ ಬಿಲ್, ಮೂಲ ಮೊತ್ತ ಎಷ್ಟು, ಎಷ್ಟು ಕಟ್ಟಿದರೆ ಪೂರ್ತಿ ಮುಗಿಯುತ್ತದೆ. "ಪೂರ್ಣ ಮತ್ತು ಅಂತಿಮ" ಅನ್ನುವ ಮಾತು ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ಉಳಿದದ್ದನ್ನು ಕೇಳಿಕೊಂಡು ಆರು ತಿಂಗಳ ನಂತರ ಇನ್ನೊಬ್ಬರು ಬರುತ್ತಾರೆ.

ಹಣವನ್ನು ಬ್ಯಾಂಕ್ ಮೂಲಕವೇ ಕಟ್ಟಿ, ಯಾರ ಕೈಗೂ ನಗದು ಕೊಡಬೇಡಿ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಂಡು ಬಿಲ್, ರಸೀದಿ ಜೊತೆ ಒಂದೇ ಫೈಲ್‌ನಲ್ಲಿ ಇಡಿ. ಅವರು ಫೋನ್ ಮಾಡಿದ ದಿನ, ಸಮಯ, ಆಡಿದ ಮಾತು ಬರೆದಿಟ್ಟುಕೊಳ್ಳಿ. ಬೈದರೆ, ಬೆದರಿಸಿದರೆ, ನೆಂಟರಿಗೆ ಫೋನ್ ಮಾಡಿದರೆ ದೂರು ಕೊಡಲು ಅದೇ ಆಧಾರ. ಬರಹ ಕೈಗೆ ಬಂದ ಮೇಲೆ ಹೆಸರು, ನಂಬರ್ ಅಳಿಸಿ ಇಲ್ಲಿ ಹಾಕಿ, ಏನಿದೆ ಅಂತ ಓದಿ ಹೇಳುತ್ತೇನೆ.